ಗಾಡಿ ಗುದ್ದಿದ ನಾಯಿ ಎದ್ದು ಓಡಾಡಿದರೆ ಅಪಾಯ ಇಲ್ಲವೇ?

"ಬೈಕ್ ಗುದ್ದಿತು, ಆದರೆ ರಕ್ತ ಬಂದಿಲ್ಲ. ತಾನೇ ಎದ್ದು ಮನೆಗೆ ಬಂತು. ಏನೂ ಆಗಿಲ್ಲ ಬಿಡಿ." ನಾಯಿ, ಬೆಕ್ಕು ಸಾಕಿದವರಿಂದ ನಾವು ಆಗಾಗ ಕೇಳುವ ಮಾತಿದು. ಆದರೆ ಮೈಮೇಲೆ ಒಂದು ಗೀರೂ ಇಲ್ಲದೆ ಒಳಗೆ ಜೀವಕ್ಕೇ ಕುತ್ತು ತರುವ ಗಾಯವೊಂದಿದೆ. ಅದು ವಪೆ ಹರಿಯುವುದು.

ವಪೆ ಎಂದರೇನು?

ಎದೆಗೂಡು ಮತ್ತು ಹೊಟ್ಟೆಯ ನಡುವೆ ಇರುವ ತೆಳುವಾದ ಸ್ನಾಯುವಿನ ಪರದೆಯೇ ವಪೆ. ಇದು ಬಿಗಿಯಾದಾಗ ಎದೆಗೂಡಿನ ಒಳಜಾಗ ಹಿಗ್ಗಿ ಶ್ವಾಸಕೋಶಕ್ಕೆ ಗಾಳಿ ಬರುತ್ತದೆ. ಸಡಿಲವಾದಾಗ ಗಾಳಿ ಹೊರಹೋಗುತ್ತದೆ.

ಅದು ಹರಿಯುವುದು ಹೇಗೆ?

ಮುಖ್ಯ ಕಾರಣ ವಾಹನಗಳ ಡಿಕ್ಕಿ. ಎತ್ತರದ ಮಹಡಿಯಿಂದ ಬಿದ್ದ ಬೆಕ್ಕುಗಳಲ್ಲೂ ಹೀಗಾಗಬಹುದು. ಪೆಟ್ಟು ಬಿದ್ದ ಕ್ಷಣ ಹೊಟ್ಟೆಯೊಳಗಿನ ಒತ್ತಡ ದಿಢೀರನೆ ಏರುತ್ತದೆ, ವಪೆಯ ಸ್ನಾಯು ಹರಿಯುತ್ತದೆ. ಆ ಕಿಂಡಿಯಿಂದ ಲಿವರ್, ಕರುಳು, ಜಠರ ಎದೆಗೂಡಿಗೆ ನುಗ್ಗಬಹುದು. ಹೀಗೆ ನುಗ್ಗುವುದರಲ್ಲಿ ಲಿವರ್‌ದೇ ಮೊದಲ ಸ್ಥಾನ. ಆಗ ಶ್ವಾಸಕೋಶಕ್ಕೆ ಹಿಗ್ಗಲು ಜಾಗವೇ ಸಾಲುವುದಿಲ್ಲ.

ಗುರುತಿಸುವುದು ಹೇಗೆ?

ಉಸಿರಾಟ ವೇಗವಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ ಅಥವಾ ನೀಲಿಯಾಗುತ್ತದೆ. ಪ್ರಾಣಿ ಮಲಗಲು ಒಪ್ಪದೆ, ಮುಂಗಾಲುಗಳನ್ನು ಅಗಲಿಸಿ ಕುಳಿತೇ ಇರಬಹುದು. ಬೆಕ್ಕು ಬಾಯಿ ತೆರೆದು ಉಸಿರಾಡಿದರಂತೂ ತಡಮಾಡುವಂತಿಲ್ಲ. ಆದರೆ ಕೆಲವು ಪ್ರಾಣಿಗಳಲ್ಲಿ ವಾರಗಳು, ತಿಂಗಳುಗಳು ಕಳೆದ ಮೇಲೆ ವಾಂತಿ, ತೂಕ ಇಳಿಕೆ, ಬೇಗ ಸುಸ್ತಾಗುವುದು ಇಷ್ಟೇ ಕಾಣಬಹುದು. ಹಾಗಾಗಿ ಹಳೆಯ ಅಪಘಾತವನ್ನೂ ವೈದ್ಯರಿಗೆ ತಪ್ಪದೆ ಹೇಳಬೇಕು. ಎಕ್ಸ್‌-ರೇ ಮತ್ತು ಅಲ್ಟ್ರಾಸೌಂಡ್‌ನಿಂದ ಖಚಿತಪಡಿಸಿಕೊಳ್ಳುತ್ತಾರೆ.

ಚಿಕಿತ್ಸೆ ಏನು?

ಹರಿದ ವಪೆಯನ್ನು ಮಾತ್ರೆಗಳಿಂದ ಸರಿಪಡಿಸಲಾಗದು, ಶಸ್ತ್ರಚಿಕಿತ್ಸೆಯೇ ಬೇಕು. ಮೊದಲು ಆಮ್ಲಜನಕ, ಡ್ರಿಪ್, ನೋವು ನಿವಾರಕ ಕೊಟ್ಟು ಪ್ರಾಣಿಯನ್ನು ಸ್ಥಿರಗೊಳಿಸುತ್ತಾರೆ. ಆದರೆ ಜಠರವೇ ಎದೆಗೂಡಿಗೆ ಸೇರಿ ಗಾಳಿ ತುಂಬಿ ಉಬ್ಬುತ್ತಿದ್ದರೆ ಕಾಯುವಂತಿಲ್ಲ. ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಅಂಗಗಳನ್ನು ಸ್ವಸ್ಥಾನಕ್ಕೆ ತಂದು ವಪೆಗೆ ಹೊಲಿಗೆ ಹಾಕುತ್ತಾರೆ. ಆ ಹೊತ್ತಿನಲ್ಲಿ ಪ್ರಾಣಿ ತಾನಾಗಿ ಸರಿಯಾಗಿ ಉಸಿರಾಡಲಾರದು, ಶ್ವಾಸಕೋಶಕ್ಕೆ ಗಾಳಿಯನ್ನು ಹೊರಗಿನಿಂದಲೇ ಒದಗಿಸಬೇಕು. ಕೊನೆಯಲ್ಲಿ ಎದೆಯಲ್ಲಿ ಉಳಿದ ಗಾಳಿಯನ್ನು ಹೊರತೆಗೆಯುತ್ತಾರೆ. ಮೊದಲ 24 ಗಂಟೆ ಸೂಕ್ಷ್ಮವಾದದ್ದು. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಆದರೆ ಹೆಚ್ಚಿನ ಪ್ರಾಣಿಗಳು ಚೇತರಿಸಿಕೊಳ್ಳುತ್ತವೆ.

ಆಸ್ಪತ್ರೆ ತಲುಪುವವರೆಗೆ ನಾವೇನು ಮಾಡಬೇಕು?

• ಹೊಟ್ಟೆಯ ಕೆಳಗೆ ಕೈಹಾಕಿ ಎತ್ತಬೇಡಿ, ಹೊಟ್ಟೆ ಒತ್ತಿ ನೋಡಬೇಡಿ. ಹಲಗೆ ಅಥವಾ ದಪ್ಪ ಬೆಡ್‌ಶೀಟ್ ಮೇಲೆ ಸಾಗಿಸಿ.
• ತಲೆ, ಎದೆಯ ಭಾಗ ತುಸು ಎತ್ತರದಲ್ಲಿರಲಿ. ಅದಕ್ಕೆ ಹಿತವೆನಿಸುವ ಭಂಗಿಯಲ್ಲೇ ಬಿಡಿ.
• ಅರಿವಳಿಕೆ ಬೇಕಾಗಬಹುದಾದ್ದರಿಂದ ಅನ್ನ, ಹಾಲು, ನೀರು ಬೇಡ.
• ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಹತ್ತಿರದ ಕ್ಲಿನಿಕ್‌ನಲ್ಲಿ ಎಕ್ಸ್‌-ರೇ ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಕಳುಹಿಸುವಂತೆ ವೈದ್ಯರನ್ನು ಕೇಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಹಾಗಾದರೆ ಎದ್ದು ಓಡಾಡಿದ ಮಾತ್ರಕ್ಕೆ ಅಪಾಯ ಕಳೆಯಿತೇ? ಇಲ್ಲ. ಪೆಟ್ಟು ಬಿದ್ದ ಪ್ರಾಣಿಯ ಗಾಯ ಹುಡುಕುವ ಮೊದಲು ಅದರ ಉಸಿರು ಗಮನಿಸಿ. ಉಸಿರು ಸರಿಯಾಗಿಯೇ ಕಂಡರೂ ಅಂದೇ ಒಮ್ಮೆ ವೈದ್ಯರಿಗೆ ತೋರಿಸಿ.