ಮೊದಲು ಬರೀರಿ, ಆಮೇಲೆ ಮಾತಾಡಿ

ಮೀಟಿಂಗಲ್ಲಿ ಬಾಸ್ ಮೊದಲು ಬಾಯಿಬಿಟ್ಟರೆ ಮುಗೀತು, ಉಳಿದವರದ್ದು ಬರೀ ಹೂಂಗುಟ್ಟೋ ಕೆಲಸ. ಡಿಸೈನ್ ಥಿಂಕಿಂಗ್ ಕಾರ್ಯಾಗಾರಗಳಲ್ಲಿ ಇದಕ್ಕೊಂದು ಮದ್ದಿದೆ: ಬ್ರೈನ್‌ರೈಟಿಂಗ್. 1968ರಲ್ಲಿ ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ ಹೇಳಿಕೊಟ್ಟ 6-3-5 ಪದ್ಧತಿ. ಆರು ಜನ, ಪ್ರತಿ ಸುತ್ತಿಗೆ ತಲಾ ಮೂರು ಐಡಿಯಾ, ಐದು ನಿಮಿಷ. ಯಾರೂ ಮಾತಾಡೋ ಹಾಗಿಲ್ಲ.

ಹೈದರಾಬಾದಿನ ಮಿಯಾಪುರದಲ್ಲಿ ಮೆಟ್ರೊ ಇಳಿದು, ಲಗೇಜು ಹೊತ್ತು ಬೀದರ್ ಬಸ್ಸು ಹುಡುಕೋರ ಪಾಡನ್ನೇ ತಗೊಳ್ಳಿ. ಒಬ್ಬರು ‘ಕನ್ನಡದಲ್ಲೊಂದು ಬೋರ್ಡು’ ಅಂತ ಬರೀತಾರೆ. ಹಾಳೆ ಪಕ್ಕದವರ ಕೈಗೆ ಹೋಗುತ್ತೆ. ಅವರು ‘ಮೆಟ್ಟಿಲಿಂದಲೇ ಬಾಣದ ಗುರುತು’ ಅಂತ ಸೇರಿಸ್ತಾರೆ. ಆರು ಸುತ್ತು ಮುಗಿದರೆ 108 ಐಡಿಯಾ! ಅರ್ಧ ಜೊಳ್ಳೇ, ಇರಲಿ ಬಿಡಿ.

ಆಮೇಲೆ ಎಲ್ಲವನ್ನೂ ಗೋಡೆಗೆ ಅಂಟಿಸಿ, ಚುಕ್ಕಿ ಸ್ಟಿಕ್ಕರ್ ಕೊಟ್ಟು ಮತ ಹಾಕಿಸಿ. ಬಾಸ್ ಚುಕ್ಕಿ ಕೊನೆಗೆ. ಮತ್ತೆ, ಆ ಆರು ಜನರಲ್ಲಿ ಇಬ್ಬರಾದರೂ ಆ ಬಸ್ಸು ಹತ್ತೋರೇ ಇರಲಿ.