ರಾತ್ರಿ 3 ಗಂಟೆಗೆ ಎಚ್ಚರವಾದರೆ ಲಿವರ್ ಕೆಟ್ಟಿದೆ ಎಂದರ್ಥವೇ?

‘ರಾತ್ರಿ 1ರಿಂದ 3ರೊಳಗೆ ಎಚ್ಚರವಾದರೆ ಲಿವರ್ ತೊಂದರೆ, 3ರಿಂದ 5ರೊಳಗಾದರೆ ಶ್ವಾಸಕೋಶದ ತೊಂದರೆ.’ ಗಡಿಯಾರದ ಚಿತ್ರದ ಜೊತೆ ಹರಿದಾಡುವ ಈ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ನಿಜವೇ?

ನಿಜವಲ್ಲ. ದಿನವನ್ನು ಎರಡೆರಡು ಗಂಟೆಗಳಾಗಿ ಭಾಗಿಸಿ ಒಂದೊಂದು ಅಂಗಕ್ಕೆ ಹಂಚುವುದು ಚೀನಾದ ಸಾಂಪ್ರದಾಯಿಕ ವೈದ್ಯ ಪದ್ಧತಿಯ ಕಲ್ಪನೆ. ಎಚ್ಚರವಾದ ಹೊತ್ತು ನೋಡಿ ಯಾವ ಅಂಗಕ್ಕೆ ಕಾಯಿಲೆ ಎಂದು ಹೇಳಲು ವೈಜ್ಞಾನಿಕ ಆಧಾರವಿಲ್ಲ. ಲಿವರ್ ಸ್ಥಿತಿ ತಿಳಿಯಲು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕು.

ಹಾಗಾದರೆ 3 ಗಂಟೆಗೇ ಏಕೆ?

ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆಯ ಹೆಚ್ಚಿನ ಪಾಲು ಮೊದಲ ಸುತ್ತುಗಳಲ್ಲೇ ಮುಗಿಯುತ್ತದೆ. 10 ಗಂಟೆಗೆ ಮಲಗಿದವರಿಗೆ 3 ಗಂಟೆಯ ಹೊತ್ತಿಗೆ ನಿದ್ದೆ ಹಗುರವಾಗಿರುತ್ತದೆ, ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಆರೋಗ್ಯವಂತರಿಗೂ ರಾತ್ರಿ ಹಲವು ಬಾರಿ ಕ್ಷಣಕಾಲ ಎಚ್ಚರವಾಗುತ್ತದೆ. ಬೆಳಗ್ಗೆ ಅದು ನೆನಪಿರುವುದಿಲ್ಲ. ವಯಸ್ಸಾದಂತೆ ಇದು ಹೆಚ್ಚುತ್ತದೆ.

ನಮ್ಮನ್ನು ಎಬ್ಬಿಸುವುದು ಏನು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಏಪ್ರಿಲ್–ಮೇ ಸೆಕೆಯಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ಸಾಕು, ನಿದ್ದೆ ಹಾರಿಹೋಗುತ್ತದೆ. ಯಕ್ಷಗಾನ, ಕೋಲ, ಕಂಬಳ ಎಂದು ರಾತ್ರಿಯಿಡೀ ಕೂತು ಮರುದಿನ ಮಧ್ಯಾಹ್ನ ಗಡದ್ದಾಗಿ ಮಲಗಿದರೆ ಆ ದಿನದ ರಾತ್ರಿಯ ನಿದ್ದೆಯೂ ಕೆಡುತ್ತದೆ. ಸಂಜೆ ಕುಡಿದ ಚಾ, ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಮದ್ಯ ಬೇಗ ನಿದ್ದೆ ಬರಿಸಿದರೂ ನಡುರಾತ್ರಿಯ ನಂತರ ಎಬ್ಬಿಸುತ್ತದೆ. ತಡವಾಗಿ ಉಂಡು ಕೂಡಲೇ ಮಲಗಿದರೆ ಎದೆಯುರಿ ಕಾಡಬಹುದು. ಸಾಲ, ಮಕ್ಕಳ ಓದು, ಮನೆಯ ಜಗಳದಂಥ ಚಿಂತೆಗಳೂ ನಿದ್ದೆಗೆಡಿಸುತ್ತವೆ.

ಯಾವಾಗ ವೈದ್ಯರನ್ನು ಕಾಣಬೇಕು?

• ಪ್ರತಿ ರಾತ್ರಿ ಎರಡು, ಮೂರು ಸಲ ಮೂತ್ರಕ್ಕೆ ಏಳುವಂತಾದರೆ: ಸಕ್ಕರೆ ಕಾಯಿಲೆ ಇರಬಹುದು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು. ಬಿಪಿಯ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

• ಜೋರು ಗೊರಕೆ, ಉಸಿರು ಕಟ್ಟಿ ಎಚ್ಚರವಾಗುವುದು, ಹಗಲಲ್ಲಿ ತೂಕಡಿಕೆ: ಇವು ಸ್ಲೀಪ್ ಆಪ್ನಿಯಾ ಲಕ್ಷಣಗಳು. ನಿದ್ದೆಯಲ್ಲಿ ಗಂಟಲಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಳ್ಳುವ ಈ ತೊಂದರೆ ಬಿಪಿಯನ್ನೂ ಏರಿಸುತ್ತದೆ.

• ಮಲಗಿದರೆ ಉಸಿರಾಡಲಾಗದೆ ಎದ್ದು ಕೂರುವಂತಾದರೆ, ಕಾಲು ಊದಿಕೊಂಡಿದ್ದರೆ: ಹೃದಯದ ತೊಂದರೆ ಇರಬಹುದು, ತಡಮಾಡಬೇಡಿ. ಎದೆನೋವೂ ಇದ್ದರೆ 108ಕ್ಕೆ ಕರೆ ಮಾಡಿ.

• ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ: ಅದು ದೀರ್ಘಕಾಲದ ನಿದ್ರಾಹೀನತೆ, ಚಿಕಿತ್ಸೆಯಿದೆ.

ಎಚ್ಚರವಾದಾಗ ಮೊಬೈಲ್ ಹಿಡಿಯಬೇಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮಲಗಿ.

ಈ ಫಾರ್ವರ್ಡ್ ನಂಬಿ ‘ಲಿವರ್ ಶುದ್ಧಿ’ಯ ಕಷಾಯ ಕುಡಿಯುತ್ತಾ ಕೂತರೆ, ಅಷ್ಟು ದಿನವೂ ಗೊತ್ತಾಗದ ಸಕ್ಕರೆ ಕಾಯಿಲೆ ಏರುತ್ತಲೇ ಇರುತ್ತದೆ. ಸಕ್ಕರೆ, ಬಿಪಿ ತಪಾಸಣೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಮನೆಯಲ್ಲಿ ಯಾರಾದರೂ ರಾತ್ರಿ ಪದೇ ಪದೇ ಏಳುತ್ತಿದ್ದರೆ, ಮೊದಲು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.