ಎಸೆದ ಮೇಲೆ ಚೆಂಡು ಯಾರದು?

ಕೆಲವು ವರ್ಷಗಳ ಹಿಂದೆ, ಅಮೆರಿಕದಲ್ಲಿದ್ದಾಗ, ನಾನು ಒಂದು ಸಣ್ಣ ತಂಡದೊಡನೆ ಸೇರಿ ಬೇಸ್‌ಬಾಲಿನ ವಿಡಿಯೋ ಆಟವೊಂದನ್ನು ಕಟ್ಟುವ ಕೆಲಸದಲ್ಲಿ ತೊಡಗಿದ್ದೆನು. ಆ ಆಟ ಕೊನೆಗೂ ಪೇಟೆಯನ್ನು ಕಾಣಲಿಲ್ಲ. ಅದರಲ್ಲಿ ಚೆಂಡೆಸೆಯುವ ವಿಧಾನವನ್ನು ರೂಪಿಸುವುದು ನನ್ನ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ, ಆಡಿ ನೋಡಲೆಂದು ಬಂದಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನು ನಾನು ಹೇಳಿಕೊಟ್ಟಂತೆಯೇ ಎಲ್ಲವನ್ನೂ ಮಾಡಿದನು. ಎಸೆತದ ಬಗೆಯನ್ನು ಆರಿಸಿದನು, ಗುರಿಯನ್ನು ಗೊತ್ತುಮಾಡಿಕೊಂಡನು, ತಕ್ಕ ಕ್ಷಣದಲ್ಲಿ ಗುಂಡಿಯನ್ನು ಒತ್ತಿದನು. ಆದರೂ ಚೆಂಡು ಗುರಿಯಿಂದ ಒಂದು ಮೊಳ ಆಚೆಗೆ ಹಾದುಹೋಯಿತು. ಹುಡುಗನು ನನ್ನ ಕಡೆಗೆ ತಿರುಗಿ, “ನಾನು ಮಾಡಿದ ತಪ್ಪೇನು?” ಎಂದು ಕೇಳಿದನು.

ಅವನು ಯಾವ ತಪ್ಪನ್ನೂ ಮಾಡಿರಲಿಲ್ಲ. ನಿಜವಾದ ಎಸೆಗಾರನೂ ಆಗಾಗ ಗುರಿ ತಪ್ಪುತ್ತಾನಲ್ಲವೆ ಎಂದು ನಾನೇ ಯಂತ್ರದೊಳಗೆ ಮೂರು ಸಾಲಿನ ಒಂದು ಲೆಕ್ಕವನ್ನು ಅಡಗಿಸಿಟ್ಟಿದ್ದೆನು. ದಾಳ ಉರುಳಿಸಿದಂತೆ ಅದು ಆಗೊಮ್ಮೆ ಈಗೊಮ್ಮೆ ಚೆಂಡನ್ನು ದಾರಿ ತಪ್ಪಿಸುತ್ತಿತ್ತು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಹುಡುಗನಿಗೆ ಕೊಡಲು ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಬೇಸ್‌ಬಾಲ್ ನಮ್ಮ ವಾಚಕರಲ್ಲಿ ಅನೇಕರಿಗೆ ಅಪರಿಚಿತವಾದ ಆಟ. ಕ್ರಿಕೆಟ್ಟಿನ ಬೌಲರನಂತೆ ಇಲ್ಲಿಯ ಎಸೆಗಾರನು, ಎಂದರೆ ಪಿಚರನು, ಓಡಿ ಬರುವುದಿಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ. ಚೆಂಡು ನೆಲಕ್ಕೆ ಬಿದ್ದು ಪುಟಿದು ಬ್ಯಾಟುಗಾರನನ್ನು ಮುಟ್ಟುವುದೂ ಇಲ್ಲ. ಅದರ ಮಾಟವೆಲ್ಲ ಗಾಳಿಯಲ್ಲಿಯೇ ಮುಗಿಯಬೇಕು. ದಿಬ್ಬದ ಮೇಲಿನ ಪಟ್ಟಿಗೂ ಬ್ಯಾಟುಗಾರನ ಮುಂದಿನ ಫಲಕಕ್ಕೂ ನಡುವಣ ಅಂತರ 1893ರಿಂದ 60 ಅಡಿ 6 ಅಂಗುಲ. ಫಲಕದ ಅಗಲ 17 ಅಂಗುಲ. ಗಂಟೆಗೆ 95 ಮೈಲಿ ವೇಗದ ಎಸೆತ ಬ್ಯಾಟುಗಾರನನ್ನು ಸೇರಲು ಸುಮಾರು 0.4 ಸೆಕೆಂಡು ಸಾಕು. ಚೆಂಡಿನ ಮೇಲೆ 108 ಜೋಡಿ ಹೊಲಿಗೆಗಳಿವೆ. ಬೆರಳುಗಳು ಆ ಹೊಲಿಗೆಯನ್ನು ಹಿಡಿದು ಎಂಥ ಸುತ್ತನ್ನು ಕೊಡುತ್ತವೆಯೋ ಅದಕ್ಕೆ ತಕ್ಕಂತೆ ಚೆಂಡು ಬಾಗುತ್ತದೆ. ಹಿಮ್ಮುಖವಾಗಿ ಸುತ್ತುವ ವೇಗದ ಚೆಂಡು ನಾವೆಣಿಸಿದ್ದಕ್ಕಿಂತ ಕಡಿಮೆ ಇಳಿಯುತ್ತದೆ. ಮುಮ್ಮುಖವಾಗಿ ಸುತ್ತುವ ‘ಕರ್ವ್’ ಚೆಂಡು ಹೆಚ್ಚು ಇಳಿಯುತ್ತದೆ. ಜರ್ಮನಿಯ ವಿಜ್ಞಾನಿ ಮ್ಯಾಗ್ನಸನು 1852ರಲ್ಲಿ ವಿವರಿಸಿದ, ಅವನ ಹೆಸರಿನಿಂದಲೇ ಪ್ರಸಿದ್ಧವಾದ ಪರಿಣಾಮವಿದು.

ಇಷ್ಟನ್ನೂ ಸಾಧಿಸುವುದು ಅಂಗಾಲಿನಿಂದ ಬೆರಳ ತುದಿಯವರೆಗಿನ ಇಡೀ ಮೈ. ಪರದೆಯ ಮುಂದೆ ಕುಳಿತವನಿಗಾದರೋ ದುಡಿಯುವ ಅಂಗಗಳೆಂದರೆ ಮುಖ್ಯವಾಗಿ ಎರಡು ಹೆಬ್ಬೆರಳು. ಮೈಯ ಕೆಲಸವನ್ನು ಹೆಬ್ಬೆರಳಿಗೆ ಒಪ್ಪಿಸುವುದು ಹೇಗೆ? ಒಪ್ಪಿಸಿದ ಮೇಲೆ, ಚೆಂಡು ದಾರಿ ತಪ್ಪಿದರೆ ಹೊಣೆ ಯಾರದು? ಈ ಆಟಗಳ ಚರಿತ್ರೆಯನ್ನೆಲ್ಲ ನಾನು ಆ ಹುಡುಗನ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಮತ್ತೊಮ್ಮೆ ಓದಿಕೊಂಡೆನು.

1978ರಲ್ಲಿ ಅಟಾರಿ ಯಂತ್ರಕ್ಕಾಗಿ ಬಂದ ‘ಹೋಮ್ ರನ್’ ಎಂಬ ಆಟದಲ್ಲಿ, ಚೆಂಡು ಕೈಬಿಟ್ಟು ಹೊರಟ ಮೇಲೂ ಆಡುವವನು ಅದನ್ನು ಎಡಕ್ಕೂ ಬಲಕ್ಕೂ ಹೊರಳಿಸಬಹುದಾಗಿತ್ತು. 1986ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆ ಹೊರತಂದ ‘ಫ್ಯಾಮಿಲಿ ಸ್ಟೇಡಿಯಂ’, ಅದರಿಂದ ಹುಟ್ಟಿ ಅಮೆರಿಕದಲ್ಲಿ ಮನೆಮಾತಾದ ‘ಆರ್.ಬಿ.ಐ. ಬೇಸ್‌ಬಾಲ್’, ಇವೆರಡೂ ಇದೇ ಹಾದಿಯಲ್ಲಿ ನಡೆದವು. ಭೌತಶಾಸ್ತ್ರದ ಕಣ್ಣಿಗೆ ಇದು ಶುದ್ಧ ಸುಳ್ಳು. ಬಿಟ್ಟ ಬಾಣವನ್ನು ಬಿಲ್ಲುಗಾರನು ಹಿಂದಿನಿಂದ ನಡೆಸಿಕೊಂಡು ಹೋಗುವುದುಂಟೆ? ಆದರೆ ಈ ಸುಳ್ಳಿನಲ್ಲಿ ಒಂದು ಪ್ರಾಮಾಣಿಕತೆಯಿತ್ತು. ಚೆಂಡು ಎಲ್ಲಿಗೆ ಹೋದರೂ ಹೋದದ್ದು ನನ್ನ ಬೆರಳಿನಿಂದಲೇ. “ನನ್ನ ತಪ್ಪೇನು?” ಎಂಬ ಪ್ರಶ್ನೆ ಅಲ್ಲಿ ಏಳುವುದಕ್ಕೆ ಎಡೆಯೇ ಇರಲಿಲ್ಲ.

ಮುಂದೆ ಚಿತ್ರಗಳು ನಿಜಕ್ಕೆ ಹತ್ತಿರವಾದಂತೆಲ್ಲ ಈ ಸುಳ್ಳು ಕಣ್ಣಿಗೆ ಚುಚ್ಚತೊಡಗಿತು. ಆಗ ನೆರವಿಗೆ ಬಂದದ್ದು ಗಾಲ್ಫ್ ಆಟಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಅಳತೆಪಟ್ಟಿ. ನಿಂಟೆಂಡೋ ಸಂಸ್ಥೆಯ 1984ರ ‘ಗಾಲ್ಫ್’ ಆಟದಲ್ಲಿಯೇ ಅಂಥ ಪಟ್ಟಿಯಿತ್ತು. ‘ಎಂ.ವಿ.ಪಿ. ಬೇಸ್‌ಬಾಲ್ 2003’ ಅದನ್ನು ಎಸೆಗಾರನ ಕೈಗೆ ಕೊಟ್ಟಿತು. ಗುಂಡಿಯನ್ನು ಒತ್ತಿ ಹಿಡಿದಾಗ ಪಟ್ಟಿ ತುಂಬುತ್ತ ಹೋಗುತ್ತದೆ. ಬಿಟ್ಟಾಗ ಬಲ ನಿಶ್ಚಯವಾಗುತ್ತದೆ. ಗುರುತು ಹಿಂದಿರುಗಿ ಹಸಿರು ಭಾಗವನ್ನು ಸೇರುವಾಗ ಮತ್ತೊಮ್ಮೆ ಒತ್ತಬೇಕು. ಆ ಎರಡನೆಯ ಒತ್ತು ಚೆಂಡು ಬೆರಳನ್ನು ಬಿಡುವ ಕ್ಷಣದ ಸಂಕೇತ. ನಿಜವಾದ ಆಟದಲ್ಲಿಯೂ ಎಸೆಗಾರನ ಭಾಗ್ಯ ತೀರ್ಮಾನವಾಗುವುದು ಆ ಕ್ಷಣದಲ್ಲಿಯೇ. ಅದಾದ ಮೇಲೆ ಚೆಂಡು ಗಾಳಿಯದು.

ಅನಂತರ ಬಂದವರು ಸಂಕೇತದಿಂದ ಅನುಕರಣದ ಕಡೆಗೆ ಸರಿದರು. ‘ಎಂ.ಎಲ್.ಬಿ. 2ಕೆ8’ ಎಂಬ 2008ರ ಆಟದಲ್ಲಿ ಒಂದೊಂದು ಬಗೆಯ ಎಸೆತಕ್ಕೂ ಹೆಬ್ಬೆರಳ ಕೆಳಗಿನ ಪುಟ್ಟ ಕಡ್ಡಿಯನ್ನು ಒಂದೊಂದು ರೀತಿಯಾಗಿ ಹೊರಳಿಸಬೇಕಾಯಿತು. ‘ಎಂ.ಎಲ್.ಬಿ. 11 ದಿ ಶೋ’ ಆಟದಲ್ಲಿ ಕಡ್ಡಿಯನ್ನು ಕೆಳಕ್ಕೆ ಎಳೆದು, ಸಕಾಲದಲ್ಲಿ ಗುರಿಯ ಕಡೆಗೆ ಮೇಲಕ್ಕೆ ತಳ್ಳಬೇಕು. ಅದೇ ಮಾಲೆಯ 2021ರ ಆಟದಲ್ಲಿ ಎಸೆತಕ್ಕೊಂದು ರೇಖೆ ಪರದೆಯ ಮೇಲೆ ಮೂಡುತ್ತದೆ. ಅಕ್ಷರ ತಿದ್ದುವ ಮಗುವಿನಂತೆ ಅದನ್ನು ಕಡ್ಡಿಯಿಂದ ತಿದ್ದಬೇಕು. ತಿದ್ದಿದ್ದು ಎಲ್ಲಿ ಓರೆಯಾಯಿತು, ಎಷ್ಟು ಬೇಗ ಅಥವಾ ತಡವಾಯಿತು ಎಂಬುದನ್ನು ಆಟ ಒಡನೆಯೇ ತೋರಿಸಿಕೊಡುತ್ತದೆ. ಒಳ್ಳೆಯ ಉಪಾಧ್ಯಾಯನು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆಯುವ ಷರಾ ನನಗೆ ನೆನಪಿಗೆ ಬರುತ್ತದೆ. ಅಂಕ ಕಳೆಯುವ ಅಧಿಕಾರವುಳ್ಳವನು ಏಕೆ ಕಳೆದೆನೆಂದು ಹೇಳುವ ಋಣವನ್ನೂ ಹೊತ್ತಿರುತ್ತಾನೆ.

ನನ್ನ ಮೂರು ಸಾಲಿನ ಲೆಕ್ಕಕ್ಕೆ ಇಲ್ಲದಿದ್ದುದು ಇದೇ. ಹಾಗೆಂದು ಅದೃಷ್ಟವನ್ನು ಆಟದಿಂದ ಪೂರ್ತಿಯಾಗಿ ಹೊರದೂಡಬೇಕೆ? ನಿಜವಾದ ಬೇಸ್‌ಬಾಲೇ ಇದಕ್ಕೆ ಉತ್ತರ ಹೇಳಿತು. ಅಲ್ಲಿ ‘ನಕಲ್‌ಬಾಲ್’ ಎಂಬ ಒಂದು ಎಸೆತವುಂಟು. ಅದನ್ನು ಸುತ್ತೇ ಇಲ್ಲದಷ್ಟು ಮೆಲ್ಲಗೆ ಸುತ್ತುವಂತೆ ಎಸೆಯುತ್ತಾರೆ. ಹೊಲಿಗೆಗಳ ಮೇಲೆ ಹಾಯುವ ಗಾಳಿ ಅದನ್ನು ಅತ್ತಿತ್ತ ತೂರಾಡಿಸುತ್ತದೆ. ಅದು ಹೇಗೆ ಬಾಗೀತೆಂಬುದು ಎಸೆದವನಿಗೂ ತಿಳಿಯದು. ಆದರೂ ಅವನು ದೂರುವುದಿಲ್ಲ. ತಿಳಿಯದೆಂಬುದನ್ನು ತಿಳಿದೇ ಅವನು ಅದನ್ನು ಆರಿಸಿಕೊಂಡಿರುತ್ತಾನೆ. ಮೊದಲೇ ಕಂಡು ಒಪ್ಪಿಕೊಂಡ ಅನಿಶ್ಚಯ ಸಾಹಸವೆನಿಸುತ್ತದೆ. ಮರೆಯಲ್ಲಿ ನಿಂತು ಬೆನ್ನಿಗೆ ಹೊಡೆದ ಅನಿಶ್ಚಯ ಅನ್ಯಾಯವೆನಿಸುತ್ತದೆ.

ನಾನು ಆ ಮೂರು ಸಾಲುಗಳನ್ನು ಅಳಿಸಿದೆನು. ಎಸೆಗಾರನು ದಣಿದಂತೆಲ್ಲ ಹಸಿರು ಭಾಗ ಕಿರಿದಾಗುವಂತೆಯೂ ಗುರುತು ಚುರುಕಾಗಿ ಓಡುವಂತೆಯೂ ಮಾಡಿದೆನು. ದಣಿವು ಈಗ ಕಣ್ಣಿಗೆ ಕಾಣುತ್ತಿತ್ತು. ಇವನನ್ನೇ ಇನ್ನೂ ಆಡಿಸಲೆ, ಬೇರೊಬ್ಬನನ್ನು ಕರೆಯಲೆ ಎಂದು ಆಡುವವನು ಯೋಚಿಸತೊಡಗಿದನು. ಹುಡುಗನು ಮತ್ತೆ ಬಂದು ಆಡಿದನು, ಮತ್ತೆ ಸೋತನು. “ಅವನು ಸುಸ್ತಾಗಿದ್ದ, ನಾನು ಅವನನ್ನು ಆಗಲೇ ಬದಲಿಸಬೇಕಾಗಿತ್ತು” ಎಂದನು. ಆ ಮಾತು ಕೇಳಿ ನಾನು ಗೆದ್ದೆನೆಂದುಕೊಂಡೆನು.

ಗೆಲುವು ಒಂದು ವಾರ ಬಾಳಿತು. ನಮ್ಮ ತಂಡದಲ್ಲಿ ಹಿರಿಯರೊಬ್ಬರಿದ್ದರು. ಚಿಕ್ಕಂದಿನಲ್ಲಿ ಊರ ಮೈದಾನದಲ್ಲಿ ಚೆಂಡೆಸೆದವರು. ಯಾವ ಬ್ಯಾಟುಗಾರನಿಗೆ ಯಾವ ಎಸೆತ ಎಂಬುದರಲ್ಲಿ ನಮಗೆಲ್ಲ ಗುರುಗಳಾಗಿದ್ದವರು. ವಯಸ್ಸಿನಿಂದ ಅವರ ಕೈ ನಡುಗುತ್ತಿತ್ತು. ಹಳೆಯ ಲೆಕ್ಕದಲ್ಲಿ ಹೇಗೋ ಆಡುತ್ತಿದ್ದವರು ಹೊಸ ಪಟ್ಟಿಯ ಮುಂದೆ ಪ್ರತಿಯೊಂದು ಎಸೆತದಲ್ಲಿಯೂ ತಪ್ಪಿದರು. ಅವರು ಏನನ್ನೂ ಕೇಳಲಿಲ್ಲ. ತಪ್ಪು ಎಲ್ಲಿದೆಯೆಂದು ಪರದೆ ಅವರಿಗೆ ಸ್ಪಷ್ಟವಾಗಿಯೇ ಹೇಳುತ್ತಿತ್ತು. ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ನಕ್ಕು, ಎದ್ದುಹೋದರು.

ಹೊಣೆಯನ್ನೆಲ್ಲ ಆಡುವವನ ಕೈಗೆ ವಹಿಸಿದರೆ ನ್ಯಾಯವಾಯಿತೆಂದು ನಾನು ನಂಬಿದ್ದೆನು. ಎಲ್ಲ ಕೈಗಳೂ ಒಂದೇ ಅಲ್ಲವೆಂಬುದನ್ನು ಮರೆತಿದ್ದೆನು. ಅವರಿಗಾಗಿ ಮತ್ತೊಂದು ವಿಧಾನವನ್ನು ಸೇರಿಸಿದೆವು. ಅದರಲ್ಲಿ ಕೈಚಳಕ ಬೇಡ. ಎಸೆತದ ಬಗೆ ಮತ್ತು ಗುರಿಯನ್ನು ಆರಿಸಿದರೆ ಸಾಕು. ಚೆಂಡು ಎಲ್ಲೆಲ್ಲಿ ಬೀಳಬಹುದೆಂಬುದನ್ನು ತೋರುವ ಒಂದು ವೃತ್ತ ಮೊದಲೇ ಕಾಣಿಸುತ್ತದೆ. ದಣಿವಿನೊಡನೆ ಅದು ಹಿಗ್ಗುತ್ತದೆ. ನಾನು ಅಳಿಸಿದ್ದ ಆ ಮೂರು ಸಾಲುಗಳೇ ಹೀಗೆ ಹಿಂದಿರುಗಿ ಬಂದವು. ಆದರೆ ಈ ಸಲ ಬೆಳಕಿನಲ್ಲಿ. ಇಂದಿನ ದೊಡ್ಡ ಆಟಗಳಲ್ಲಿಯೂ ಎಸೆಯುವ ವಿಧಾನಗಳು ಹಲವಿದ್ದು, ಆರಿಸಿಕೊಳ್ಳುವ ಸ್ವಾತಂತ್ರ್ಯ ಆಡುವವನಿಗಿರುವುದನ್ನು ನೋಡಿದಾಗ, ಇಂಥ ಹಿರಿಯರೊಬ್ಬರು ಅಲ್ಲಿಯೂ ಇದ್ದಿರಬೇಕೆಂದು ನನಗೆ ತೋರುತ್ತದೆ.

ಹಿರಿಯರು ಮತ್ತೆ ಬಂದು ಕುಳಿತರು. ಎದುರಿಗೆ ಅದೇ ಹುಡುಗ, ಬ್ಯಾಟು ಹಿಡಿದು. ಎರಡು ವೇಗದ ಚೆಂಡುಗಳಾದ ಮೇಲೆ ಅವರು ಹಿಗ್ಗಿದ ವೃತ್ತವನ್ನು ಒಂದು ಗಳಿಗೆ ನೋಡಿ, ನಿಧಾನವಾದ ಕರ್ವ್ ಚೆಂಡನ್ನು ಕೆಳಮೂಲೆಗೆ ಆರಿಸಿದರು. ಹುಡುಗನು ಮೊದಲೇ ಬೀಸಿ ಗಾಳಿಯನ್ನು ಹೊಡೆದನು. ಈ ಸಲ ಅವನು ನನ್ನ ಕಡೆಗೆ ತಿರುಗಲಿಲ್ಲ. ಅವರ ಕಡೆಗೆ ತಿರುಗಿ, “ಅದನ್ನು ಇನ್ನೊಮ್ಮೆ ಎಸೆಯಿರಿ” ಎಂದನು.